ಶಾಲೆಯ ದೊರೆಗಳಿಗೆ ಲೆಕ್ಕ ಕೇಳುವವರು ಯಾರು?

(ಕನ್ನಡ ಯುವಕರ ಶಿಬಿರವೊಂದರಲ್ಲಿ ನಮ್ಮ ಮುದ್ರಕ ಮಿತ್ರರೊಬ್ಬರು ಆಡಿದ ಮಾತುಗಳ ಬರಹರೂಪ. ಮಾತಿನ ಧಾಟಿಯನ್ನು ತಿದ್ದಿಲ್ಲ.)

ನಾನು ಭಾಷಣಕಾರನಲ್ಲ, ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡವನು. ಓದಿದ್ದು ಪಿಯುಸಿ. ಆಮೇಲೆ ಕಲಿತದ್ದೆಲ್ಲ ಇಂಕು, ಕಾಗದ, ಮಷಿನ್ನಿನ ಸದ್ದಿನ ನಡುವೆ. ಹೀಗಾಗಿ ಶಿಕ್ಷಣದ ತತ್ವ ಸಿದ್ಧಾಂತಗಳನ್ನು ನನ್ನಿಂದ ನಿರೀಕ್ಷಿಸಬೇಡಿ. ಅದಕ್ಕೆ ಪ್ರೊಫೆಸರುಗಳಿದ್ದಾರೆ. ಆದರೆ ಬಿಲ್ಲು ಓದುವುದು ನನಗೆ ಬರುತ್ತದೆ. ಇಪ್ಪತ್ತು ವರ್ಷದಿಂದ ಬಿಲ್ಲು ಬರೆದು, ಬಿಲ್ ಬುಕ್ಕನ್ನೇ ಅಚ್ಚು ಹಾಕಿ ಬದುಕಿದವನು ನಾನು. ಇವತ್ತು ನಾನು ಹೇಳುವುದೂ ಒಂದು ಬಿಲ್ಲಿನ ಕಥೆಯೇ. ಶಾಲೆಯ ಬಿಲ್ಲು.

ಕಥೆ ನಡೆದದ್ದು ಅಮೆರಿಕದಲ್ಲಿ. 'ನಮ್ಮೂರ ಶಾಲೆಯ ಮಾತಾಡಿ ಅಂದರೆ ಅಮೆರಿಕಕ್ಕೆ ಯಾಕೆ ಹಾರಿದೆ?' ಅಂತ ಕೇಳಬಹುದು. ಕಾರಣ ಇದೆ. ನಮ್ಮ ಹುಡುಗರ ತಲೆಯಲ್ಲಿ ಒಂದು ನಂಬಿಕೆ ಕೂತುಬಿಟ್ಟಿದೆ. ಅಲ್ಲೆಲ್ಲ ಎಲ್ಲವೂ ಶುದ್ಧ, ಇಲ್ಲಿ ಎಲ್ಲವೂ ಕೊಳಕು, ಆದ್ದರಿಂದ ಏನು ಮಾಡಿದರೂ ಪ್ರಯೋಜನವಿಲ್ಲ ಎಂಬ ನಂಬಿಕೆ. ಇದು ಸೋಮಾರಿಗಳ ನಂಬಿಕೆ. ಅಲ್ಲೂ ಕಳ್ಳರಿದ್ದಾರೆ, ಇಲ್ಲೂ ಇದ್ದಾರೆ. ವ್ಯತ್ಯಾಸ ಇರುವುದು ಕಳ್ಳರಲ್ಲಿ ಅಲ್ಲ ಸ್ವಾಮಿ, ಲೆಕ್ಕ ಕೇಳುವವರಲ್ಲಿ.

ಮೊದಲು ಒಂದು ಪದ ತಿಳಿದುಕೊಳ್ಳೋಣ. ಅಮೆರಿಕದಲ್ಲಿ ಒಂದು ಊರಿನ ಅಥವಾ ಅಕ್ಕಪಕ್ಕದ ಕೆಲವು ಊರುಗಳ ಸರ್ಕಾರಿ ಶಾಲೆಗಳನ್ನೆಲ್ಲ ಸೇರಿಸಿ 'ಸ್ಕೂಲ್ ಡಿಸ್ಟ್ರಿಕ್ಟ್' ಅನ್ನುತ್ತಾರೆ. ಅದರ ಮುಖ್ಯಾಧಿಕಾರಿಯೇ ಸೂಪರಿಂಟೆಂಡೆಂಟ್. ನಮ್ಮ ಬಿ.ಇ.ಓ. ಸಾಹೇಬರನ್ನೋ ಡಿ.ಡಿ.ಪಿ.ಐ. ಸಾಹೇಬರನ್ನೋ ನೆನಪಿಸಿಕೊಳ್ಳಿ. ಆದರೆ ಒಂದು ದೊಡ್ಡ ವ್ಯತ್ಯಾಸ. ನಮ್ಮ ಅಧಿಕಾರಿಯನ್ನು ಸರ್ಕಾರ ಕಳಿಸುತ್ತದೆ, ಸರ್ಕಾರವೇ ವರ್ಗ ಮಾಡುತ್ತದೆ. ಅಲ್ಲಿ ಸಾಮಾನ್ಯವಾಗಿ ಊರಿನ ಜನ ವೋಟು ಹಾಕಿ ಶಾಲಾ ಮಂಡಳಿಯನ್ನು ಆರಿಸುತ್ತಾರೆ, ಆ ಮಂಡಳಿ ಸೂಪರಿಂಟೆಂಡೆಂಟನ್ನು ಸಂಬಳ ಗೊತ್ತು ಮಾಡಿ ತರುತ್ತದೆ, ಬೇಡವಾದರೆ ಕಳಿಸುತ್ತದೆ. ಶಾಲೆಯ ಖರ್ಚಿನ ದೊಡ್ಡ ಪಾಲು ಊರಿನವರ ಮನೆ ಕಂದಾಯದಿಂದಲೇ ಬರುತ್ತದೆ. ನ್ಯೂಯಾರ್ಕ್ ರಾಜ್ಯದ ಊರುಗಳಲ್ಲಿ ಪ್ರತಿ ವರ್ಷ ಮೇ ತಿಂಗಳಲ್ಲಿ ಶಾಲೆಯ ಬಜೆಟ್ಟಿಗೇ ಜನ ವೋಟು ಹಾಕುತ್ತಾರೆ. ಬೇಡ ಅಂದರೆ ಬಜೆಟ್ ಬಿದ್ದುಹೋಗುತ್ತದೆ!

ಇಷ್ಟೆಲ್ಲ ಕಾವಲಿದ್ದ ಕಡೆಯೂ ಬೇಲಿ ಎದ್ದು ಹೊಲ ಮೇಯಿತು. ಹೇಗೆ ಮೇಯಿತು, ಯಾರು ಹಿಡಿದರು ಎಂಬುದೇ ಇವತ್ತಿನ ಮಾತು.

ಒಳ್ಳೆಯ ಹೆಸರಿನ ಕೊಡೆ

ನ್ಯೂಯಾರ್ಕ್ ನಗರದ ಪಕ್ಕದಲ್ಲಿ ಲಾಂಗ್ ಐಲ್ಯಾಂಡ್ ಇದೆ. ಅಲ್ಲಿ ರಾಸ್ಲಿನ್ ಎಂಬ ಶ್ರೀಮಂತ ಊರು. 1992ರಲ್ಲಿ ಫ್ರಾಂಕ್ ಟಸೋನ್ ಎಂಬಾತ ಅಲ್ಲಿನ ಸೂಪರಿಂಟೆಂಡೆಂಟ್ ಆಗಿ ಬಂದ. ಸೂಟುಬೂಟಿನ ಮನುಷ್ಯ. ಡಿಕನ್ಸ್ ಕಾದಂಬರಿಗಳ ಅಭಿಮಾನಿ. ಆತನ ಕಾಲದಲ್ಲಿ ಶಾಲೆಯ ಕೀರ್ತಿ ಏರಿತು. ಮಕ್ಕಳಿಗೆ ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಸೀಟು ಸಿಕ್ಕಿತು. ಶಾಲೆಗೆ ಹೆಸರು ಬಂದರೆ ಊರಿನ ಮನೆಗಳ ಬೆಲೆಯೂ ಏರುತ್ತದೆ. ಇನ್ನೇನು ಬೇಕು? ತಂದೆತಾಯಿ ಖುಷಿ, ಮಂಡಳಿ ಖುಷಿ, ಮನೆ ಮಾರುವ ದಲ್ಲಾಳಿಗಳೂ ಖುಷಿ.

ಈ ಖುಷಿಯ ಕೊಡೆಯ ಕೆಳಗೆ ಕೂತು ಮಹಾಶಯ ಶಾಲೆಯ ದುಡ್ಡನ್ನು ನುಂಗಿ ನೀರು ಕುಡಿಯುತ್ತಿದ್ದ. ಕಾನ್ಕಾರ್ಡ್ ವಿಮಾನದಲ್ಲಿ ಲಂಡನ್ ಪ್ರಯಾಣ ಶಾಲೆಯ ಖರ್ಚಿನಲ್ಲಿ. ಬಟ್ಟೆ ಡ್ರೈಕ್ಲೀನ್ ಮಾಡಿಸಿದ್ದು ಶಾಲೆಯ ಖರ್ಚಿನಲ್ಲಿ. ಒಬ್ಬನೇ ಅಲ್ಲ. ಹಣಕಾಸು ನೋಡಿಕೊಳ್ಳುತ್ತಿದ್ದ ಸಹಾಯಕ ಸೂಪರಿಂಟೆಂಡೆಂಟ್ ಪಮೇಲಾ ಗ್ಲಕಿನ್ ಈತನಿಗಿಂತ ಒಂದು ಕೈ ಮೇಲು. ಆಕೆಯ ಪಾಲಿಗೆ 43 ಲಕ್ಷ ಡಾಲರ್, ಈತನ ಪಾಲಿಗೆ ಸುಮಾರು 22 ಲಕ್ಷ ಡಾಲರ್. ಬಂಧುಬಳಗ, ಆಪ್ತರು ಎಲ್ಲ ಸೇರಿ ತಿಂದದ್ದು ಒಟ್ಟು 1 ಕೋಟಿ 12 ಲಕ್ಷ ಡಾಲರ್ ಎಂದು ರಾಜ್ಯದ ಲೆಕ್ಕಪತ್ರಾಧಿಕಾರಿ 2005ರ ಮಾರ್ಚಿಯಲ್ಲಿ ವರದಿ ಕೊಟ್ಟರು.

ಈಗ ನನ್ನ ಕಸುಬಿಗೆ ಬರುತ್ತೇನೆ. ಟಸೋನ್‌ನ ಮನೆಯಲ್ಲೇ ವಾಸವಿದ್ದ ಆಪ್ತನೊಬ್ಬನ ಕಂಪನಿಗೆ ಶಾಲೆಯಿಂದ ವರ್ಷಗಟ್ಟಲೆ ಹಣ ಹೋಗಿತ್ತು. ಯಾವ ಲೆಕ್ಕದಲ್ಲಿ ಗೊತ್ತೇ? ಶಾಲೆಯ ಕೈಪಿಡಿಗಳನ್ನು ಸಿದ್ಧಪಡಿಸಿ ಅಚ್ಚು ಹಾಕಿಸಿದ ಲೆಕ್ಕದಲ್ಲಿ! ಲಕ್ಷಾಂತರ ಡಾಲರ್. ನಾನು ಕೇಳುತ್ತೇನೆ, ಮೂರು ಸಾವಿರ ಚಿಲ್ಲರೆ ಮಕ್ಕಳ ಊರಿಗೆ ಎಷ್ಟು ಕೈಪಿಡಿ ಬೇಕು? ಎಷ್ಟು ಪುಟ, ಎಷ್ಟು ಪ್ರತಿ, ಎಷ್ಟು ರೀಮು ಕಾಗದ, ಯಾವ ಬೈಂಡಿಂಗ್ ಅಂತ ಹೇಳಿದರೆ ನನ್ನ ಪ್ರೆಸ್ಸಿನ ಹುಡುಗ ಚಹಾ ಕುಡಿದು ಮುಗಿಸುವಷ್ಟರಲ್ಲಿ ದರ ಹೇಳುತ್ತಾನೆ. ರಾಸ್ಲಿನ್‌ನಲ್ಲೂ ಮುದ್ರಕರು ಇದ್ದೇ ಇದ್ದರು. ಅವರಲ್ಲಿ ಒಬ್ಬನ ಕೈಗೆ ಆ ಬಿಲ್ಲು ಸಿಕ್ಕಿದ್ದರೆ ಅವತ್ತೇ ಬಂಡವಾಳ ಬಯಲಾಗುತ್ತಿತ್ತು. ಸಿಗಲಿಲ್ಲ. ಯಾಕೆಂದರೆ ಯಾರೂ ಕೇಳಲಿಲ್ಲ.

ಅಂಗಡಿಯ ನೌಕರ, ಶಾಲೆಯ ಹುಡುಗಿ

ಹಾಗಾದರೆ ಹಿಡಿದವರು ಯಾರು? ಆಡಿಟರೇ? ಇಲ್ಲ. ಹೊರಗಿನಿಂದ ಬಂದು ಲೆಕ್ಕ ನೋಡುತ್ತಿದ್ದ ಆಡಿಟರೇ ಕೊನೆಗೆ ದಾಖಲೆ ತಿದ್ದಿದ ಆರೋಪದಲ್ಲಿ ತಪ್ಪೊಪ್ಪಿಕೊಳ್ಳಬೇಕಾಯಿತು. ಮಂಡಳಿಯೇ? ಅದರ ಕಥೆ ಇನ್ನೂ ಸ್ವಾರಸ್ಯ.

2002ರಲ್ಲಿ ಮನೆ ರಿಪೇರಿ ಸಾಮಾನು ಮಾರುವ ಅಂಗಡಿಯೊಂದರ ನೌಕರನಿಗೆ ಅನುಮಾನ ಬಂತು. ಗ್ಲಕಿನ್ ಮಗ ಶಾಲೆಯ ಕ್ರೆಡಿಟ್ ಕಾರ್ಡಿನಲ್ಲಿ ಸಾಮಾನು ಕೊಳ್ಳುತ್ತಿದ್ದ, ಆ ಸಾಮಾನು ಶಾಲೆಗೆ ಹೋಗದೆ ಮನೆಗೆ ಹೋಗುತ್ತಿತ್ತು. ವಿಷಯ ಮಂಡಳಿಗೆ ಮುಟ್ಟಿತು. ಮಂಡಳಿಯವರು ಪೊಲೀಸರಿಗೆ ಹೇಳಿದರೇ? ಇಲ್ಲ ಸ್ವಾಮಿ. ಊರಿನ ಹೆಸರು ಕೆಡುತ್ತದೆ, ಮಕ್ಕಳ ಕಾಲೇಜು ಸೀಟಿಗೆ ತೊಂದರೆ, ಮುಂದಿನ ಬಜೆಟ್ಟಿಗೆ ಜನ ವೋಟು ಹಾಕುವುದಿಲ್ಲ! ಹೀಗೆಲ್ಲ ಯೋಚಿಸಿ ಆಕೆಯಿಂದ ಎರಡೂವರೆ ಲಕ್ಷ ಡಾಲರ್ ವಾಪಸ್ ತೆಗೆದುಕೊಂಡು ಮೆಲ್ಲಗೆ ನಿವೃತ್ತಿ ಮಾಡಿ ಕಳಿಸಿದರು. ಹಾಗೆ ಮುಚ್ಚಿಹಾಕಿ ಎಂದು ಬುದ್ಧಿ ಹೇಳಿದವನು ಯಾರು? ಸಾಕ್ಷಾತ್ ಟಸೋನ್! ಕಳ್ಳನ ಕೈಯಲ್ಲೇ ಕೀಲಿಕೈ ಕೊಟ್ಟು, 'ಬಾಗಿಲು ಭದ್ರವಾಗಿದೆಯೇ ನೋಡಪ್ಪ' ಅಂದ ಹಾಗಾಯಿತು.

ಎರಡು ವರ್ಷ ಊರಿಗೆ ಊರೇ ಮೌನ. 2004ರ ಆರಂಭದಲ್ಲಿ ಯಾರೋ ಬರೆದ ಹೆಸರಿಲ್ಲದ ಪತ್ರವೊಂದು ಊರಲ್ಲಿ ಓಡಾಡತೊಡಗಿತು. ಆಗ ರಾಸ್ಲಿನ್ ಹೈಸ್ಕೂಲಿನ ಮಕ್ಕಳು ನಡೆಸುತ್ತಿದ್ದ 'ಹಿಲ್‌ಟಾಪ್ ಬೀಕನ್' ಎಂಬ ಶಾಲಾ ಪತ್ರಿಕೆ ಆ ಸುದ್ದಿಯನ್ನು ಅಚ್ಚು ಹಾಕಿತು. ದೊಡ್ಡ ದೊಡ್ಡ ಪತ್ರಿಕೆಗಳಿಗಿಂತ ಮೊದಲು! ಬರೆದವಳು ಪತ್ರಿಕೆಯ ಸಂಪಾದಕಿಯಾಗಿದ್ದ ಒಬ್ಬ ವಿದ್ಯಾರ್ಥಿನಿ. ಇಲ್ಲಿ ಕೂತಿರುವ ನಿಮ್ಮಲ್ಲಿ ಹಲವರಿಗಿಂತ ಚಿಕ್ಕವಳು. ಆ ಹುಡುಗಿ ಗ್ಲಕಿನ್ ಹೆಸರು ಬರೆಯಲಿಲ್ಲ, ಬೈಗುಳ ಬರೆಯಲಿಲ್ಲ. ಶಾಲೆಯ ಹಣ ಹೋಗಿದೆ, ಒಬ್ಬರು ಕೆಲಸ ಬಿಟ್ಟಿದ್ದಾರೆ ಎಂಬ ಸಂಗತಿಯನ್ನಷ್ಟೇ ಬರೆದಳು. ಆಮೇಲೆ ದಿನಪತ್ರಿಕೆಗಳು ಬಂದವು, ಸರ್ಕಾರಿ ವಕೀಲರು ಬಂದರು, ಪೊಲೀಸರು ಬಂದರು. 2004ರ ಜುಲೈನಲ್ಲಿ ಟಸೋನ್ ಬಂಧನ. 2005ರಲ್ಲಿ ತಪ್ಪೊಪ್ಪಿಗೆ. 2006ರ ಅಕ್ಟೋಬರಿನಲ್ಲಿ 4ರಿಂದ 12 ವರ್ಷದ ಸೆರೆವಾಸದ ತೀರ್ಪು. ಗ್ಲಕಿನ್‌ಗೆ 3ರಿಂದ 9 ವರ್ಷ. ಆತ 2010ರಲ್ಲಿ ಹೊರಬಂದ. ಜೈಲಿಗೆ ಹೋಗಿಬಂದರೂ ಆತನ ಪಿಂಚಣಿ ನಿಲ್ಲಲಿಲ್ಲ. ವರ್ಷಕ್ಕೆ 1 ಲಕ್ಷ 70 ಸಾವಿರ ಡಾಲರಿಗೂ ಮೇಲೆ! ಪಿಂಚಣಿಯನ್ನು ಆಗ ಆ ರಾಜ್ಯದ ಸಂವಿಧಾನವೇ ಕಾಯುತ್ತಿತ್ತು. 2019ರಲ್ಲಿ ಈ ಕಥೆ 'ಬ್ಯಾಡ್ ಎಜುಕೇಶನ್' ಎಂಬ ಸಿನಿಮಾ ಆಯಿತು. ಅದನ್ನು ಬರೆದವನು ಹಗರಣದ ದಿನಗಳಲ್ಲಿ ಅದೇ ಊರಿನ ಶಾಲೆಯಲ್ಲಿ ಓದುತ್ತಿದ್ದ ಹುಡುಗ.

ಇನ್ನೊಂದು ತಮಾಷೆ ಕೇಳಿ. ಈ ಹಗರಣದ ಲೆಕ್ಕ ಬಯಲಿಗೆಳೆದ ರಾಜ್ಯದ ಲೆಕ್ಕಪತ್ರಾಧಿಕಾರಿ ಅಲನ್ ಹೆವೆಸಿ. 2006ರ ಡಿಸೆಂಬರಿನಲ್ಲಿ ಈ ಮಹಾಶಯರೂ ರಾಜೀನಾಮೆ ಕೊಟ್ಟು ಮನೆಗೆ ಹೋದರು. ಸರ್ಕಾರಿ ನೌಕರರನ್ನು ಹೆಂಡತಿಯ ಓಡಾಟಕ್ಕೆ ಬಳಸಿಕೊಂಡದ್ದಕ್ಕೆ! ಮುಂದೆ ಪಿಂಚಣಿ ನಿಧಿಯ ಲಂಚದ ಪ್ರಕರಣದಲ್ಲಿ ಜೈಲಿಗೂ ಹೋದರು. ಹಾಗಂತ ಅವರು ಕೊಟ್ಟ ರಾಸ್ಲಿನ್ ವರದಿ ಸುಳ್ಳಾಗಲಿಲ್ಲ. ಲೆಕ್ಕ ಲೆಕ್ಕವೇ. ಆದರೆ ಲೆಕ್ಕ ಕೇಳುವವನಿಗೂ ಲೆಕ್ಕ ಕೇಳುವವರು ಬೇಕು ಅನ್ನುವುದನ್ನು ಮರೆಯಬೇಡಿ. ನಮ್ಮ ಸಂಘಟನೆಗಳಿಗೂ ಈ ಮಾತು ಸೇರುತ್ತದೆ.

ಕದಿಯದೆಯೂ ಕೆಡಿಸಬಹುದು

'ಸರಿ, ಕಳ್ಳ ಸಿಕ್ಕಿಬಿದ್ದ, ಕಥೆ ಮುಗಿಯಿತು' ಅಂದುಕೊಳ್ಳಬೇಡಿ. ಕಳ್ಳನನ್ನು ಟೀಕಿಸುವುದು ಸುಲಭ. ಒಂದು ಪೈಸೆಯನ್ನೂ ಜೇಬಿಗೆ ಹಾಕಿಕೊಳ್ಳದೆ, ಒಳ್ಳೆಯದನ್ನೇ ಮಾಡುತ್ತೇನೆಂದು ಹೊರಟು, ಯಾರ ಮಾತನ್ನೂ ಕೇಳದೆ ಕೋಟಿಗಟ್ಟಲೆ ಹಣ ಪೋಲು ಮಾಡುವ ದೊರೆಯನ್ನು ಟೀಕಿಸುವುದು ಬಹಳ ಕಷ್ಟ. ಅದಕ್ಕೆ ಅಮೆರಿಕದ ಇನ್ನೊಂದು ತುದಿಗೆ, ಲಾಸ್ ಏಂಜಲೀಸಿಗೆ ಹೋಗಬೇಕು. ನ್ಯೂಯಾರ್ಕ್ ನಗರ ಬಿಟ್ಟರೆ ಆ ದೇಶದ ಅತಿ ದೊಡ್ಡ ಸ್ಕೂಲ್ ಡಿಸ್ಟ್ರಿಕ್ಟ್ ಅದೇ. ಆಗ ಆರು ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದರು, ಬಹುಪಾಲು ಬಡವರ ಮಕ್ಕಳು.

2011ರಲ್ಲಿ ಜಾನ್ ಡೀಸಿ ಅವರು ಅಲ್ಲಿ ಸೂಪರಿಂಟೆಂಡೆಂಟ್ ಆದರು. ಅವರ ಕಾಲದಲ್ಲಿ ಒಳ್ಳೆಯ ಕೆಲಸಗಳೂ ಆದವು. ಹೈಸ್ಕೂಲು ಮುಗಿಸುವ ಮಕ್ಕಳ ಪ್ರಮಾಣ ಏರಿತು, ಮಕ್ಕಳನ್ನು ಸಣ್ಣಪುಟ್ಟದಕ್ಕೆಲ್ಲ ಶಾಲೆಯಿಂದ ಸಸ್ಪೆಂಡ್ ಮಾಡುವುದು ಇಳಿಯಿತು. ಆಮೇಲೆ ಅವರಿಗೆ ಒಂದು ಕನಸು ಬಿತ್ತು. ಶ್ರೀಮಂತರ ಮಕ್ಕಳ ಕೈಯಲ್ಲಿರುವ ಐಪ್ಯಾಡ್ ನಮ್ಮ ಬಡ ಮಕ್ಕಳ ಕೈಯಲ್ಲೂ ಇರಬೇಕು, ಪ್ರತಿಯೊಬ್ಬರಿಗೂ ಒಂದು! ಕೇಳಲು ಎಷ್ಟು ಚೆನ್ನಾಗಿದೆ ನೋಡಿ. ಇದನ್ನು ಬೇಡ ಅಂದವನು ಬಡವರ ವಿರೋಧಿ ಆಗಿಬಿಡುತ್ತಾನೆ.

2013ರ ಜೂನಿನಲ್ಲಿ ಮಂಡಳಿ ಮೊದಲ ಕಂತಿಗೆ 3 ಕೋಟಿ ಡಾಲರಿನ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟಿತು. ಯಂತ್ರ ಆಪಲ್ ಕಂಪನಿಯದು, ಒಳಗಿನ ಪಾಠ ಪಿಯರ್ಸನ್ ಕಂಪನಿಯದು. ಪಾಠವೆಲ್ಲ ಸೇರಿ ಒಂದಕ್ಕೆ 768 ಡಾಲರ್. ಇಡೀ ಯೋಜನೆಗೆ ವೈಫೈ ಎಲ್ಲ ಸೇರಿ ನೂರು ಕೋಟಿ ಡಾಲರಿನ ಅಂದಾಜು. ಹಣ ಎಲ್ಲಿಂದ? ಶಾಲೆ ಕಟ್ಟಲು, ರಿಪೇರಿ ಮಾಡಲು ಎಂದು ಜನ ವೋಟು ಹಾಕಿ ಒಪ್ಪಿಗೆ ಕೊಟ್ಟ ಸಾಲದ ಬಾಂಡುಗಳಿಂದ! ಆ ಸಾಲ ತೀರಲು ಸುಮಾರು 25 ವರ್ಷ. ಐಪ್ಯಾಡಿನ ಆಯಸ್ಸು ಎಷ್ಟು? ಮೂರು ನಾಲ್ಕು ವರ್ಷ. ಪಿಯರ್ಸನ್ ಪಾಠದ ಪರವಾನಗಿ ಮೂರೇ ವರ್ಷ. ಮನೆ ಕಟ್ಟಲು ಸೊಸೈಟಿಯಲ್ಲಿ ಸಾಲ ಎತ್ತಿ ಮೊಬೈಲ್ ಕೊಂಡ ಹಾಗೆ. ಮೊಬೈಲ್ ಗುಜರಿಗೆ ಹೋದ ಮೇಲೂ ಮಗ ಬೆಳೆದು ದೊಡ್ಡವನಾಗಿ ಕಂತು ಕಟ್ಟುತ್ತಿರಬೇಕು.

2013ರಲ್ಲೇ ಐಪ್ಯಾಡ್ ಹಂಚಿಕೆ ಶುರುವಾಯಿತು. ಪಾಠ ಬಿಟ್ಟು ಬೇರೇನೂ ನೋಡದಂತೆ ಅದಕ್ಕೆ ಬೀಗ ಹಾಕಿದ್ದರು. ಕೆಲವೇ ದಿನಗಳಲ್ಲಿ ಹೈಸ್ಕೂಲಿನ ಸುಮಾರು 300 ಹುಡುಗರು ಆ ಬೀಗ ಮುರಿದು ಹಾಡು, ಆಟ ಅಂತ ಕೂತರು! ದೊಡ್ಡವರು ವರ್ಷಗಟ್ಟಲೆ ಕೂತು ಮಾಡಿದ ಯೋಜನೆ ಹುಡುಗರ ಮುಂದೆ ವಾರ ನಿಲ್ಲಲಿಲ್ಲ.

2014ರ ಆಗಸ್ಟಿನಲ್ಲಿ ಅಲ್ಲಿನ ಸಾರ್ವಜನಿಕ ರೇಡಿಯೋ ಕೇಂದ್ರವೊಂದು ಹಳೆಯ ಇ-ಮೇಲುಗಳನ್ನು ಹೊರಹಾಕಿತು. ಟೆಂಡರ್ ಕರೆಯುವುದಕ್ಕೆ ಮುಂಚೆಯೇ, 2012ರಲ್ಲೇ, ಡೀಸಿ ಮತ್ತು ಅವರ ಉಪಾಧಿಕಾರಿ ಇದೇ ಎರಡು ಕಂಪನಿಗಳ ಜೊತೆ ಮಾತುಕತೆ ನಡೆಸಿದ್ದರು. ಡೀಸಿ ಅವರು ತಪ್ಪು ಮಾಡಿಲ್ಲ, ಅದು ಸಣ್ಣ ಪ್ರಯೋಗದ ಮಾತುಕತೆ ಅಂದರು. ಒಪ್ಪಂದವನ್ನು ತಾವೇ ನಿಲ್ಲಿಸಿದರು. ಅದೇ ಹೊತ್ತಿಗೆ ಮಕ್ಕಳ ದಾಖಲೆ ಇಡುವ ಹೊಸ ಕಂಪ್ಯೂಟರ್ ವ್ಯವಸ್ಥೆ ಕೆಟ್ಟು ಕೂತಿತು. ಜೆಫರ್ಸನ್ ಹೈಸ್ಕೂಲಿನಲ್ಲಿ ಮಕ್ಕಳಿಗೆ ಯಾವ ತರಗತಿಯಲ್ಲಿ ಕೂರಬೇಕು ಎಂಬುದೇ ಗೊತ್ತಿಲ್ಲದೆ ವಾರಗಟ್ಟಲೆ ಕಳೆಯಿತು. ಕೊನೆಗೆ ನ್ಯಾಯಾಧೀಶರು ಆದೇಶ ಮಾಡಬೇಕಾಯಿತು. ಪ್ರತಿ ಮಗುವಿಗೂ ಐಪ್ಯಾಡ್ ಕೊಡಲು ಹೊರಟವರಿಗೆ ಪ್ರತಿ ಮಗುವಿಗೂ ವೇಳಾಪಟ್ಟಿ ಕೊಡಲಾಗಲಿಲ್ಲ!

2014ರ ಅಕ್ಟೋಬರ್ 16ರಂದು ಡೀಸಿ ರಾಜೀನಾಮೆ ಕೊಟ್ಟರು. ಡಿಸೆಂಬರಿನಲ್ಲಿ ಎಫ್.ಬಿ.ಐ.ನವರು ಬಂದು 20 ಪೆಟ್ಟಿಗೆ ಕಾಗದ ಹೊತ್ತೊಯ್ದರು. 2015ರಲ್ಲಿ ಒಪ್ಪಂದದ ಮೂಲಕ ಸುಮಾರು 64 ಲಕ್ಷ ಡಾಲರ್ ಡಿಸ್ಟ್ರಿಕ್ಟಿಗೆ ವಾಪಸ್ ಬಂತು. 2017ರಲ್ಲಿ ತನಿಖೆ ಮುಗಿಯಿತು, ಯಾರ ಮೇಲೂ ಕೇಸು ಹಾಕಲಿಲ್ಲ. ಗಮನವಿಟ್ಟು ಕೇಳಿ ಗೆಳೆಯರೇ, ಅದಕ್ಕೇ ನಾನು ಟಸೋನ್‌ನನ್ನು 'ಆತ' ಅಂದೆ, ಡೀಸಿಯವರನ್ನು 'ಅವರು' ಅನ್ನುತ್ತಿದ್ದೇನೆ. ಒಬ್ಬ ಕಳ್ಳ. ಇನ್ನೊಬ್ಬರು ಕಳ್ಳರಲ್ಲ, ಯಾರ ಮಾತೂ ಕೇಳದೆ ಓಡಿದ ಅಧಿಕಾರಿ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ನಮ್ಮ ಟೀಕೆಗೆ ಕವಡೆ ಕಿಮ್ಮತ್ತೂ ಇರುವುದಿಲ್ಲ.

ಬಾಯಿ ಬಿಟ್ಟವನಿಗೆ ಬಾಗಿಲು

ಲಾಸ್ ಏಂಜಲೀಸಿನಲ್ಲಿ ಮುಂಚೆ ಬಾಯಿ ಬಿಟ್ಟವರು ಇರಲಿಲ್ಲವೇ? ಇದ್ದರು. ಬಾಂಡ್ ಹಣ ಸರಿಯಾಗಿ ಖರ್ಚಾಗುತ್ತಿದೆಯೇ ಎಂದು ನೋಡಲು ಅಲ್ಲಿ ಒಂದು ನಾಗರಿಕರ ಮೇಲ್ವಿಚಾರಣಾ ಸಮಿತಿ ಇದೆ. ಅದರಲ್ಲಿ ಒಬ್ಬ ಆರ್ಕಿಟೆಕ್ಟ್ ಸದಸ್ಯರಿದ್ದರು. ಕಟ್ಟಡ ಕಟ್ಟುವುದೇ ಅವರ ಕಸುಬು. 'ಕಟ್ಟಡದ ಹಣದಲ್ಲಿ ಐಪ್ಯಾಡ್ ಕೊಳ್ಳುವುದು ಸರಿಯಲ್ಲ' ಎಂದು ಅವರು ಸಭೆಯಲ್ಲಿ ಕೇಳುತ್ತಲೇ ಇದ್ದರು. ಏನಾಯಿತು? 2014ರಲ್ಲಿ ಅವರ ಅವಧಿ ಮುಗಿದಾಗ ಮತ್ತೆ ನೇಮಿಸಲು ಮಂಡಳಿ ಒಪ್ಪಲಿಲ್ಲ! ಜನ ಗಲಾಟೆ ಮಾಡಿದರು, ಪತ್ರಿಕೆಗಳು ಬರೆದವು. ಅದೇ ವರ್ಷ ಮಂಡಳಿ ಅವರನ್ನು ಮತ್ತೆ ತೆಗೆದುಕೊಳ್ಳಬೇಕಾಯಿತು. ಇನ್ನೊಬ್ಬ ಮೇಷ್ಟ್ರು ಬೇರೆ ದಾರಿ ಹಿಡಿದರು. ಶಾಲೆಗಳಲ್ಲಿ ರಿಪೇರಿಯಾಗದೆ ಉಳಿದದ್ದರ ಫೋಟೋಗಳನ್ನು ಒಂದೊಂದಾಗಿ ಜನರ ಮುಂದಿಟ್ಟರು. 'ಐಪ್ಯಾಡ್ ಬೇಡ, ರಿಪೇರಿ ಮಾಡಿ' ಎಂಬುದೇ ಅವರ ಘೋಷಣೆ. ಸಾವಿರ ಭಾಷಣ ಮಾಡದ ಕೆಲಸವನ್ನು ಒಂದು ಫೋಟೋ ಮಾಡುತ್ತದೆ.

ಈಗ ಎರಡು ಊರಿನ ಕಥೆಯನ್ನೂ ಒಟ್ಟಿಗೆ ಇಟ್ಟು ನೋಡಿ. ಮೊದಲು ಕಂಡವರು ಯಾರು? ಅಂಗಡಿಯ ನೌಕರ. ಶಾಲೆಯ ಹುಡುಗಿ. ಆರ್ಕಿಟೆಕ್ಟ್. ಮೇಷ್ಟ್ರು. ಒಬ್ಬರೂ ಮಂತ್ರಿಯಲ್ಲ, ಒಬ್ಬರೂ ದೊಡ್ಡ ಹುದ್ದೆಯವರಲ್ಲ. ತಂತಮ್ಮ ಜಾಗದಲ್ಲಿ ನಿಂತು, ತಂತಮ್ಮ ಕಸುಬಿನ ಕಣ್ಣಿನಿಂದ ನೋಡಿದವರು. ನನ್ನ ಇವತ್ತಿನ ಮಾತಿನ ತಿರುಳು ಇದೇ. ಊರಿನ ಕಸುಬುದಾರರೇ ಊರಿನ ನಿಜವಾದ ಆಡಿಟರುಗಳು. ಬೆಂಚಿನ ಬಿಲ್ಲು ಸರಿಯೋ ತಪ್ಪೋ ಬಡಗಿಗೆ ಗೊತ್ತು. ವೈರಿಂಗ್ ಬಿಲ್ಲು ಎಲೆಕ್ಟ್ರಿಷಿಯನ್‌ಗೆ ಗೊತ್ತು. ಸುಣ್ಣಬಣ್ಣದ ಬಿಲ್ಲು ಪೇಂಟರಿಗೆ ಗೊತ್ತು. ನಿಮ್ಮಲ್ಲಿ ಕಂಪ್ಯೂಟರ್ ಕೆಲಸದ ಹುಡುಗರಿದ್ದೀರಿ. ಶಾಲೆಯ ಸ್ಮಾರ್ಟ್ ಕ್ಲಾಸಿನ ಬಿಲ್ಲು ನಿಮಗಿಂತ ಚೆನ್ನಾಗಿ ಯಾರು ಓದಬಲ್ಲರು?

ನನ್ನ ಕಸುಬಿನ ಮಾತು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ವಿದ್ಯಾಸಂಸ್ಥೆಯವರು ನನ್ನ ಪ್ರೆಸ್ಸಿಗೆ ಬಂದರು. ಹೆಸರು ಬೇಡ. 'ರಸೀದಿ ಪುಸ್ತಕ ಬೇಕು, ಒಂದೇ ನಂಬರಿನ ಎರಡು ಸೆಟ್ ಮಾಡಿಕೊಡಿ' ಅಂದರು. 1ರಿಂದ 1000 ಒಂದು ಸೆಟ್, ಮತ್ತೆ ಅದೇ 1ರಿಂದ 1000 ಇನ್ನೊಂದು. ಒಂದು ಸೆಟ್ ಆಡಿಟಿಗೆ, ಒಂದು ಸೆಟ್ ಪೋಷಕರಿಗೆ! ಜೊತೆಗೆ ಮೂರು ಬೇರೆ ಬೇರೆ ಅಂಗಡಿಯ ಹೆಸರಿನಲ್ಲಿ ಕೊಟೇಶನ್ನಿಗೆ ಲೆಟರ್‌ಹೆಡ್ ಬೇರೆ ಬೇಕಂತೆ. ನಾನು ಕೈಮುಗಿದು, 'ಸಾರ್, ನನ್ನ ನಂಬರಿಂಗ್ ಮಷಿನ್ ಹಿಂದಕ್ಕೆ ತಿರುಗುವುದಿಲ್ಲ' ಅಂತ ಹೇಳಿ ಕಳಿಸಿದೆ. ಆ ಗಿರಾಕಿ ಮತ್ತೆ ಬರಲಿಲ್ಲ. ಹೋಗಲಿ. ನೀವು ತಿಳಿಯಬೇಕಾದ್ದು ಇಷ್ಟು: ಮೂರು ಕೊಟೇಶನ್ ಇದ್ದರೆ ಮೂರರ ಕಾಗದ, ಅಕ್ಷರದ ಅಚ್ಚು, ವಿಳಾಸ, ತಾರೀಖು ನೋಡಿ. ಮೂರೂ ಒಂದೇ ತಾಯಿಯ ಮಕ್ಕಳಂತೆ ಕಂಡರೆ ಪ್ರಶ್ನೆ ಕೇಳಿ.

ನಮ್ಮ ಕೈಯಲ್ಲಿ ಏನಿದೆ?

ಶಾಲೆಯ ಬಜೆಟ್ಟಿಗೆ ವೋಟು ಹಾಕುವ ಹಕ್ಕು ನಮಗಿಲ್ಲ. ನಿಜ. ಆದರೆ ನಾವು ಬರಿಗೈಯವರಲ್ಲ. ಡಾ. ರಾಜಾ ರಾಮಣ್ಣ ಅವರ ನೇತೃತ್ವದ ಕಾರ್ಯಪಡೆಯ ಸಲಹೆಯಂತೆ 2001ರಲ್ಲಿ ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ಎಸ್.ಡಿ.ಎಂ.ಸಿ. ಬಂತು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. 2009ರ ಶಿಕ್ಷಣ ಹಕ್ಕು ಕಾಯ್ದೆಯೂ ಅದೇ ಮಾತು ಹೇಳಿತು. ಶಾಲಾ ಸಮಿತಿಯಲ್ಲಿ ಮುಕ್ಕಾಲು ಭಾಗ ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು, ಶಾಲೆಗೆ ಬಂದ ಅನುದಾನದ ಬಳಕೆಯನ್ನು ಆ ಸಮಿತಿ ನೋಡಬೇಕು. ಖರೀದಿಗೆ 1999ರ ಪಾರದರ್ಶಕ ಕಾಯ್ದೆ ಇದೆ. ಮಾಹಿತಿ ಹಕ್ಕಿನ ಕಾನೂನನ್ನಂತೂ ಕರ್ನಾಟಕ 2000ದಲ್ಲೇ ಮಾಡಿತ್ತು, ಇಡೀ ದೇಶಕ್ಕೆ 2005ರಲ್ಲಿ ಬಂತು. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದಲ್ಲಿ ಉತ್ತರ. ಕನ್ನಡದಲ್ಲೇ ಬರೆಯಬಹುದು. ನಮ್ಮ ರಾಜ್ಯದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಗೆ ಒಂದೇ ವಿಷಯ. ಆದ್ದರಿಂದ ಅದರಲ್ಲಿ ಭಾಷಣ ಬೇಡ. 'ಇಂಥ ಶಾಲೆಗೆ ಇಂಥ ವರ್ಷ ಕೊಂಡ ಪೀಠೋಪಕರಣದ ಬಿಲ್ಲು ಮತ್ತು ಕೊಟೇಶನ್ನಿನ ನಕಲು ಕೊಡಿ.' ಇಷ್ಟು ಸಾಕು.

ಕಾನೂನು ಸುಮ್ಮನೆ ಬರುವುದಿಲ್ಲ. ರಾಸ್ಲಿನ್ ಹಗರಣ ಆದ ಮೇಲೆಯೇ 2005ರಲ್ಲಿ ನ್ಯೂಯಾರ್ಕ್ ರಾಜ್ಯ ಹೊಸ ಕಾನೂನು ಮಾಡಿತು. ಶಾಲಾ ಮಂಡಳಿಯ ಸದಸ್ಯರು ಆರು ಗಂಟೆ ಲೆಕ್ಕಪತ್ರದ ತರಬೇತಿ ಪಡೆಯಲೇಬೇಕು, ಆಡಿಟ್ ಸಮಿತಿ ಇರಲೇಬೇಕು, ಹೊರಗಿನ ಆಡಿಟರ್ ಕೆಲಸಕ್ಕೆ ಐದು ವರ್ಷಕ್ಕೊಮ್ಮೆಯಾದರೂ ಹೊಸದಾಗಿ ಅರ್ಜಿ ಕರೆಯಬೇಕು. ಎಸ್.ಡಿ.ಎಂ.ಸಿ. ಸದಸ್ಯೆಯಾದ ನಮ್ಮ ತಾಯಂದಿರಿಗೆ ಕ್ಯಾಶ್ ಬುಕ್ ಓದುವುದನ್ನು ಆರು ಗಂಟೆ ಕೂತು ಹೇಳಿಕೊಟ್ಟವರು ಎಷ್ಟು ಜನ? ನೀವು ಹೇಳಿಕೊಡಿ. ಎರಡು ಭಾನುವಾರದ ಕೆಲಸ.

ಕೊನೆಗೆ ಒಂದು ಎಚ್ಚರಿಕೆ

ಟೀಕೆ ಎರಡು ಬಗೆ. ಶಾಲೆಯನ್ನು ಉಳಿಸುವ ಟೀಕೆ ಒಂದು, ಮುಚ್ಚಿಸುವ ಟೀಕೆ ಇನ್ನೊಂದು. 'ಸರ್ಕಾರಿ ಶಾಲೆಯಲ್ಲಿ ಎಲ್ಲ ತಿನ್ನುತ್ತಾರೆ, ಅದಕ್ಕೇ ನನ್ನ ಮಗನನ್ನು ಕಾನ್ವೆಂಟಿಗೆ ಹಾಕಿದೆ' ಅನ್ನುವವರ ಬಾಯಲ್ಲಿ ಇರುವುದು ಎರಡನೆಯದು. ಅವರಿಗೆ ಲೆಕ್ಕ ಬೇಡ, ನೆಪ ಬೇಕು. ರಾಸ್ಲಿನ್‌ನಲ್ಲಿ ಅಷ್ಟು ದೊಡ್ಡ ಲೂಟಿಯಾದರೂ ಯಾರೂ ಶಾಲೆ ಮುಚ್ಚಿ ಅನ್ನಲಿಲ್ಲ. ಕಳ್ಳರನ್ನು ಕಳಿಸಿದರು, ಕಾನೂನು ಬಿಗಿ ಮಾಡಿದರು, ಶಾಲೆಯನ್ನು ಇಟ್ಟುಕೊಂಡರು. ಇಲಿ ಬಂತೆಂದು ಮನೆಗೆ ಬೆಂಕಿ ಇಡುವವನು ಮೂರ್ಖ. ನಮ್ಮ ಕನ್ನಡ ಶಾಲೆಗಳಿಗೆ ಮೊದಲೇ ಮಕ್ಕಳು ಕಡಿಮೆಯಾಗುತ್ತಿದ್ದಾರೆ. ಅಲ್ಲಿ ನಾವು ಬಾಯಿಗೆ ಬಂದಂತೆ ಕೂಗಿದರೆ ಮುಚ್ಚುವವರಿಗೇ ಅನುಕೂಲ. ಸುಮ್ಮನಿದ್ದರೂ ಅಷ್ಟೇ, ತಿನ್ನುವವರಿಗೆ ಅನುಕೂಲ. ಹಾಗಾದರೆ ದಾರಿ? ಕಾಗದ ಹಿಡಿದು ಮಾತಾಡಿ. ಗಾಳಿಸುದ್ದಿ ಬೇಡ. ಅಧಿಕಾರಿಯ ಜಾತಿ, ಮನೆ, ಸಂಸಾರದ ಮಾತು ಖಂಡಿತ ಬೇಡ. ಬಿಲ್ಲಿನ ಮೇಲೆ ಮಾತಾಡಿ, ಮನುಷ್ಯನ ಮೇಲೆ ಬೇಡ. ಮೊದಲು ಅವರಿಗೇ ಉತ್ತರ ಕೊಡಲು ಅವಕಾಶ ಕೊಡಿ, ಆಮೇಲೆ ಅಚ್ಚು ಹಾಕಿ. ಪ್ರಾಮಾಣಿಕ ಹೆಡ್‌ಮಾಸ್ತರರು ಬೇಕಾದಷ್ಟು ಜನ ಇದ್ದಾರೆ. ತಮ್ಮ ಸಂಬಳದಿಂದ ಸೀಮೆಸುಣ್ಣ ತರುವವರಿದ್ದಾರೆ. ನಿಮ್ಮ ಲೆಕ್ಕದ ಪ್ರಶ್ನೆ ಅಂಥವರಿಗೆ ಭಯ ತರುವುದಿಲ್ಲ, ಬಲ ತರುತ್ತದೆ. ಹೆಗಲು ಮುಟ್ಟಿ ನೋಡಿಕೊಳ್ಳುವವನು ಕುಂಬಳಕಾಯಿ ಕಳ್ಳ ಮಾತ್ರ.

'ಶಾಲೆಯ ಹೆಸರು ಕೆಡುತ್ತದೆ, ಸುಮ್ಮನಿರಿ' ಎಂದು ಯಾರಾದರೂ ಹೇಳಿದರೆ ರಾಸ್ಲಿನ್ ನೆನಪಿಸಿಕೊಳ್ಳಿ. ಹೆಸರು ಉಳಿಸಲೆಂದು ಅಲ್ಲಿ ಎರಡು ವರ್ಷ ಸುಮ್ಮನಿದ್ದರು. ಕೊನೆಗೆ ಆ ಊರಿನ ಹೆಸರು ಜಗತ್ತಿನ ಸಿನಿಮಾ ಪರದೆಯ ಮೇಲೆಯೇ ಬಂತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ.

ಈ ಶಿಬಿರ ಮುಗಿಸಿ ಮನೆಗೆ ಹೋದ ಮೇಲೆ ನಿಮ್ಮ ಬಡಾವಣೆಯ ಸರ್ಕಾರಿ ಕನ್ನಡ ಶಾಲೆಗೆ ಒಮ್ಮೆ ಹೋಗಿ. ಬೋರ್ಡು ಬರೆಸಲು ಅಲ್ಲ, ಫೋಟೋ ತೆಗೆಸಿಕೊಳ್ಳಲು ಅಲ್ಲ. ಹೆಡ್‌ಮಾಸ್ತರರಿಗೆ ನಮಸ್ಕಾರ ಮಾಡಿ, ಎಸ್.ಡಿ.ಎಂ.ಸಿ. ಸದಸ್ಯರು ಯಾರು, ಮುಂದಿನ ಸಭೆ ಯಾವಾಗ ಎಂದು ಕೇಳಿ. ಆ ಸಭೆಯ ದಿನ ಸದಸ್ಯರ ಪಕ್ಕದಲ್ಲಿ ನಿಂತು ಕ್ಯಾಶ್ ಬುಕ್ ಓದಲು ನೆರವಾಗಿ. ಲೆಕ್ಕ ಸರಿಯಿದ್ದರೆ ನಾಲ್ಕು ಜನರಿಗೆ ಹೇಳಿ, ಮೇಷ್ಟ್ರಿಗೆ ಹಾರ ಹಾಕಿ. ಸರಿಯಿಲ್ಲದಿದ್ದರೆ 150 ಪದದೊಳಗೆ ಒಂದು ಅರ್ಜಿ ಬರೆಯಿರಿ.

ಅರ್ಜಿಯ ನಮೂನೆ ಬೇಕಾದವರು ನನ್ನ ಪ್ರೆಸ್ಸಿಗೆ ಬನ್ನಿ. ಅಚ್ಚು ಹಾಕಿ ಇಟ್ಟಿದ್ದೇನೆ. ಅದಕ್ಕೆ ಮಾತ್ರ ಬಿಲ್ಲು ಇಲ್ಲ.